ಬಾಗಿಲಲ್ಲಿ ನಿಂತವರು: ಅಹವಾಲು ಕೇಳುವ ರೂಢಿಯ ಚರಿತ್ರೆ

ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ತಂದುಕೊಟ್ಟ ಗ್ರಂಥಲಿಪಿಯ ತಾಳೆಗರಿ ಕಟ್ಟನ್ನು 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಬಿಚ್ಚಿ ನೋಡಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರ. 1909ರಲ್ಲಿ ಮೂಲಪಠ್ಯವೂ 1915ರಲ್ಲಿ ಇಂಗ್ಲಿಷ್ ಅನುವಾದವೂ ಅಚ್ಚಾಗಿ ಬಂದವು. ಗೂಢಚಾರರು, ಕುಟಿಲೋಪಾಯಗಳ ಕಡೆಗೇ ಎಲ್ಲರ ಕಣ್ಣು ಹೋಯಿತು. ಮೊದಲ ಅಧಿಕರಣದ ಹತ್ತೊಂಬತ್ತನೆಯ ಅಧ್ಯಾಯ ಅಷ್ಟು ರೋಚಕವಲ್ಲ. ಅದು ಅರಸನ ದಿನಚರಿ. ನಾಯಕನಾದವನು ಬೆಳಗಿನಿಂದ ರಾತ್ರಿಯವರೆಗೆ ಏನೇನು ಮಾಡಬೇಕೆಂದು ಗಳಿಗೆ ಲೆಕ್ಕದಲ್ಲಿ ಹೇಳುವ ಈ ಅಧ್ಯಾಯದಿಂದಲೇ ನಮ್ಮ ವಿಷಯ ಶುರುವಾಗುತ್ತದೆ.

ಹಗಲಿಗೆ ಎಂಟು ಭಾಗ, ಇರುಳಿಗೆ ಎಂಟು ಭಾಗ. ಒಂದೊಂದೂ ಈಗಿನ ಲೆಕ್ಕದಲ್ಲಿ ಒಂದೂವರೆ ಗಂಟೆ. ಹಗಲಿನ ಮೊದಲ ಭಾಗದಲ್ಲಿ ರಕ್ಷಣೆಯ ವರದಿ ಮತ್ತು ಆಯವ್ಯಯ. ಎರಡನೆಯದರಲ್ಲಿ ಪಟ್ಟಣದವರ ಮತ್ತು ನಾಡಿನವರ ಕೆಲಸಕಾರ್ಯ. ಸ್ನಾನ, ಊಟ, ಓದು ಬರುವುದು ಆಮೇಲೆ, ಮೂರನೆಯದರಲ್ಲಿ. ಇರುಳಿನಲ್ಲಿ ನಿದ್ದೆಗೆಂದು ಪೂರ್ತಿಯಾಗಿ ಬಿಟ್ಟಿರುವುದು ಎರಡೇ ಭಾಗ. ಇದನ್ನು ಯಾವ ಅರಸನೂ ಅಕ್ಷರಶಃ ಪಾಲಿಸಿರಲಾರ. ಅವರವರ ಶಕ್ತಿಗೆ ತಕ್ಕಂತೆ ಬದಲಾಯಿಸಿಕೊಳ್ಳಬಹುದೆಂದು ಗ್ರಂಥಕಾರನೇ ಸಡಿಲ ಬಿಟ್ಟಿದ್ದಾನೆ. ಆದರೆ ಒಂದು ವಿಷಯದಲ್ಲಿ ಸಡಿಲವಿಲ್ಲ. ಕೆಲಸ ಹೊತ್ತು ಬಂದವರನ್ನು ಬಾಗಿಲಲ್ಲಿ ಕಾಯಿಸಬಾರದು. ಬಾಲರು, ಮುದುಕರು, ರೋಗಿಗಳು, ಕಷ್ಟಕ್ಕೆ ಸಿಕ್ಕಿದವರು, ಅನಾಥರು, ಹೆಂಗಸರು ಎಂದು ಯಾರ ಕೆಲಸವನ್ನು ಯಾವ ಕ್ರಮದಲ್ಲಿ ನೋಡಬೇಕೆಂಬ ಪಟ್ಟಿಯೂ ಇದೆ. ಅವಸರದ್ದಾದರೆ ಆ ಕ್ರಮವನ್ನೂ ಬಿಟ್ಟು ಮೊದಲು ಅದನ್ನು ಕೇಳಬೇಕು.

ಇದಕ್ಕೆ ಕೌಟಿಲ್ಯ ಕೊಡುವ ಕಾರಣ ದಯೆಯಲ್ಲ. ಕಾಣಲು ಸಿಗದ ಅರಸನ ಕೈಯಲ್ಲಿ ಹತ್ತಿರದವರು ಮಾಡಬಾರದ್ದನ್ನು ಮಾಡಿಸುತ್ತಾರೆ, ಮಾಡಬೇಕಾದ್ದನ್ನು ತಪ್ಪಿಸುತ್ತಾರೆ ಎಂಬ ಶುದ್ಧ ಲೆಕ್ಕಾಚಾರ. ಎಂದರೆ ಅಹವಾಲು ಕೇಳುವುದು ಪ್ರಜೆಗೆ ಮಾಡುವ ಉಪಕಾರವಲ್ಲ, ತನ್ನ ಸುತ್ತ ಕೂತವರ ಹಿಡಿತದಿಂದ ಬಿಡಿಸಿಕೊಳ್ಳಲು ಅರಸನಿಗೆ ಇರುವ ದಾರಿ. ನಾಯಕತ್ವವನ್ನು ಮಾತುಗಾರಿಕೆಯಲ್ಲೋ ಧೈರ್ಯದಲ್ಲೋ ಹುಡುಕುವ ನಮಗೆ ಈ ಒಣ ಮಾತು ರುಚಿಸದಿರಬಹುದು. ಕನ್ನಡ ನಾಡಿನ ಆಳ್ವಿಕೆಯ ಚರಿತ್ರೆಯಲ್ಲಿ ಮಾತ್ರ ಇದು ಮತ್ತೆ ಮತ್ತೆ ನಿಜವಾಗಿದೆ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ 1129ರ ಸುಮಾರಿನದು. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳು. ರಾಜ್ಯ ಪಡೆಯಲು ಬೇಕಾದ ಗುಣಗಳಿಂದ ಹಿಡಿದು ಅಡುಗೆ, ಆನೆ, ಆಟದವರೆಗೆ ಅದರಲ್ಲಿ ಇಲ್ಲದ್ದಿಲ್ಲ. ಸುಳ್ಳಾಡಬಾರದು, ಪರರಿಗೆ ಕೇಡು ಮಾಡಬಾರದು ಎಂಬ ನೀತಿಗಳು ಮೊದಲ ವಿಂಶತಿಯಲ್ಲೇ ಬರುತ್ತವೆ. ಆದರೆ ಆಸ್ಥಾನದ ಪ್ರಸ್ತಾಪ ಬರುವುದು ಎಲ್ಲಿ? ಮೂರನೆಯದರಲ್ಲಿ, ಉಪಭೋಗಗಳ ನಡುವೆ. ಸ್ನಾನ, ತಾಂಬೂಲ, ವಸ್ತ್ರ, ಅನ್ನ, ಶಯ್ಯೆಗಳ ಸಾಲಿನಲ್ಲಿ ಆಸ್ಥಾನವೂ ಒಂದು ಭೋಗ! ಕೌಟಿಲ್ಯನಿಗೆ ಊಟಕ್ಕಿಂತ ಮೊದಲು ಮುಗಿಸಬೇಕಾದ ದುಡಿಮೆಯಾಗಿದ್ದದ್ದು ಇಲ್ಲಿ ವೈಭವವಾಗಿದೆ. ಕನ್ನಡದ ಒಡ್ಡೋಲಗ ಎಂಬ ಪದವನ್ನೇ ನೋಡಿ: ಅದು ಇಂದಿಗೂ ನಮ್ಮ ಕಿವಿಯಲ್ಲಿ ಉಳಿದಿರುವುದು ಯಕ್ಷಗಾನದ ರಂಗಪ್ರವೇಶವಾಗಿ, ನೋಡುವ ಸೊಬಗಾಗಿ. ಅಲ್ಲಿ ದೂರು ಹೇಳಲು ಯಾರೂ ಬಂದಿರುವುದಿಲ್ಲ.

ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, 1520ರ ಆಸುಪಾಸಿನಲ್ಲಿ ಕೃಷ್ಣದೇವರಾಯನ ದಿನಚರಿಯನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಬೆಳಕು ಹರಿಯುವ ಮೊದಲೇ ಏಳುವುದು, ಎಳ್ಳೆಣ್ಣೆ ಕುಡಿಯುವುದು, ಮೈಗೂ ಅದನ್ನೇ ಬಳಿದುಕೊಂಡು ಭಾರ ಎತ್ತುವುದು, ಆ ಎಣ್ಣೆಯೆಲ್ಲ ಬೆವರಾಗಿ ಇಳಿಯುವ ತನಕ ಕತ್ತಿ ಬೀಸುವುದು, ಕುಸ್ತಿ, ಕುದುರೆ ಸವಾರಿ. ಮಿಂದು ಪೂಜೆ ಮುಗಿಸಿ ಗೋಡೆಗಳಿಲ್ಲದ ಕಂಬಗಳ ಚಾವಡಿಗೆ ಬಂದು, ಅಧಿಕಾರಿಗಳೊಂದಿಗೆ ರಾಜ್ಯದ ಕೆಲಸ ನೋಡುವುದು. ನಮ್ಮ ಶಾಲಾ ಪಾಠಗಳು ಕುಸ್ತಿಯನ್ನು ಎತ್ತಿಕೊಂಡು ಚಾವಡಿಯನ್ನು ಬಿಟ್ಟವು. ಆದರೆ ಪಾಯೆಸನ ಕಣ್ಣಿಗೆ ಆ ಬಾಗಿಲಲ್ಲಿ ಕಂಡವರು ಯಾರು? ವಂದಿಸಲು ಕಾದಿದ್ದ ನಾಯಕರು, ಸರದಾರರು. ಚಾವಡಿಗೆ ಗೋಡೆ ಇರಲಿಲ್ಲ ನಿಜ, ಆದರೂ ಅವನ ಚಿತ್ರದಲ್ಲಿ ರೈತ ಅಲ್ಲಿಯವರೆಗೆ ಬಂದಿಲ್ಲ.

ಬಾಗಿಲು ಮುಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಮೈಸೂರು ರಾಜ್ಯದ ನಗರ ಸೀಮೆಯಲ್ಲಿ 1830-31ರಲ್ಲಿ ಎದ್ದ ದಂಗೆಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಇಂತಿಷ್ಟು ಕಂದಾಯ ಕಟ್ಟುತ್ತೇನೆಂದು ಶರತ್ತು ಬರೆದುಕೊಟ್ಟ ಅಮಲ್ದಾರ ಅದನ್ನು ರೈತನಿಂದ ಹಿಂಡುತ್ತಿದ್ದ. ದೂರು ಹೇಳಬೇಕೆಂದರೆ ದೂರಿಗೆ ಗುರಿಯಾದವನ ಮೂಲಕವೇ ಹೋಗಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರ ಸುತ್ತ ಇದ್ದವರು ಅರಮನೆಗೆ ಸುದ್ದಿ ಮುಟ್ಟದಂತೆ ನೋಡಿಕೊಂಡರು. ಕೇಳುವವರಿಲ್ಲದ ರೈತರು ತಮ್ಮ ಮಾತನ್ನು ತಾವೇ ಕೇಳಿಸಿಕೊಳ್ಳಲು ಊರೂರಲ್ಲಿ ಸೇರಿದರು. ಅದಕ್ಕೆ ಕೂಟ ಎಂದು ಹೆಸರಾಯಿತು. ಕೂಟ ದಂಗೆಯಾಯಿತು. 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಮೈಸೂರಿನ ಆಡಳಿತವನ್ನೇ ಕಿತ್ತುಕೊಂಡ. ಹತ್ತಿರದವರ ಬಗ್ಗೆ ಕೌಟಿಲ್ಯ ಕೊಟ್ಟ ಎಚ್ಚರಿಕೆಗೆ ಇಷ್ಟು ನೇರವಾದ ಉದಾಹರಣೆ ಮತ್ತೊಂದಿರಲಾರದು.

ಐವತ್ತು ವರ್ಷಗಳ ಮೇಲೆ, 1881ರ ಮಾರ್ಚ್ 25ರಂದು, ರಾಜ್ಯ ಮರಳಿ ಒಡೆಯರ ವಂಶಕ್ಕೆ ಬಂತು. ಬಂದ ರಾಜ್ಯವಾದರೂ ಎಂಥದ್ದು? 1871ರ ಜನಗಣತಿಯಲ್ಲಿ 50.55 ಲಕ್ಷವಿದ್ದ ಜನಸಂಖ್ಯೆ, 1876-78ರ ಬರದ ನಂತರ 1881ರ ಗಣತಿಯಲ್ಲಿ 41.86 ಲಕ್ಷಕ್ಕೆ ಇಳಿದಿತ್ತು. ಮೇಲೆ 80 ಲಕ್ಷ ರೂಪಾಯಿ ಸಾಲ. ಖಜಾನೆ ಬರಿದಾಗಿದ್ದ ಆ ಹೊತ್ತಿನಲ್ಲಿ ದಿವಾನ ಸಿ. ರಂಗಾಚಾರ್ಲು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಜನರ ಮಾತು ಕೇಳಲು ಒಂದು ಸಭೆ ಕಟ್ಟಿದ್ದು. ಆಗಸ್ಟ್ 25ರಂದು ಆಜ್ಞೆ ಹೊರಟಿತು. ಅಕ್ಟೋಬರ್ 7ರಂದು, ದಸರೆಯ ಹೊತ್ತಿಗೆ, 144 ಸದಸ್ಯರ ಪ್ರಜಾಪ್ರತಿನಿಧಿ ಸಭೆ ಮೈಸೂರಿನಲ್ಲಿ ಸೇರಿತು. ದಿವಾನರು ವರ್ಷದ ಜಮಾಖರ್ಚನ್ನು ಅವರ ಮುಂದಿಟ್ಟರು. ಕೆರೆ, ರಸ್ತೆ, ಕಂದಾಯ ಎಂದು ತಾಲ್ಲೂಕಿನ ಅಹವಾಲುಗಳು ಬಂದವು. ಸಭೆಗೆ ಕಾನೂನು ಮಾಡುವ ಹಕ್ಕಿರಲಿಲ್ಲ. ಇದನ್ನು ಹಿಡಿದು ಅದನ್ನು ಬರೀ ದಸರೆಯ ಅಲಂಕಾರವೆಂದು ತಳ್ಳಿಹಾಕುವವರಿದ್ದಾರೆ, ನಾನು ಒಪ್ಪುವುದಿಲ್ಲ. ಅಲ್ಲಿಯವರೆಗೆ ಅಹವಾಲು ಕೇಳುವುದು ಆಳುವವನ ಮನಸ್ಸಿಗೆ ಬಿಟ್ಟದ್ದಾಗಿತ್ತು. ಈಗ ಅದಕ್ಕೊಂದು ತಿಥಿ, ಒಂದು ಜಾಗ, ಅಚ್ಚಾದ ವರದಿ ಬಂದವು. ಒಬ್ಬ ಮನುಷ್ಯನ ಅಭ್ಯಾಸ ಸಂಸ್ಥೆಯಾಗಿ ಮಾರ್ಪಟ್ಟಿತು. ರಂಗಾಚಾರ್ಲು 1883ರ ಆರಂಭದಲ್ಲೇ ತೀರಿಕೊಂಡರು, ಸಭೆ ಉಳಿಯಿತು. ನಾಯಕನೊಬ್ಬ ಗಟ್ಟಿಗನೋ ಅಲ್ಲವೋ ಎಂದು ಅಳೆಯಲು ನನಗೆ ಇದಕ್ಕಿಂತ ಒಳ್ಳೆಯ ಕೋಲು ಗೊತ್ತಿಲ್ಲ.

ಮುಂದೆ ಬಂದ ದಿವಾನರ ಪೈಕಿ ಅಭ್ಯಾಸಗಳಿಂದಲೇ ಹೆಸರಾದವರು ಇಬ್ಬರು. ಡಿ.ವಿ. ಗುಂಡಪ್ಪನವರು ಪತ್ರಕರ್ತರಾಗಿ ಇಬ್ಬರನ್ನೂ ಹತ್ತಿರದಿಂದ ಕಂಡವರು. ‘ಜ್ಞಾಪಕ ಚಿತ್ರಶಾಲೆ’ಯ ಒಂದು ಸಂಪುಟವನ್ನು ಮೈಸೂರಿನ ದಿವಾನರಿಗೇ ಮೀಸಲಿಟ್ಟಿದ್ದಾರೆ. 1912ರಿಂದ 1918ರವರೆಗೆ ದಿವಾನರಾಗಿದ್ದ ಎಂ. ವಿಶ್ವೇಶ್ವರಯ್ಯನವರ ರೂಢಿ ಗಡಿಯಾರ ಮತ್ತು ಕಾಗದದ್ದು. ಹೊತ್ತಿಗೆ ಸರಿಯಾಗಿ ಬರುವುದು, ಹೇಳುವುದನ್ನು ಬರೆದು ತರುವುದು, ಬರೆದದ್ದಕ್ಕೆ ಗಡುವು ಹಾಕುವುದು. ಸರ್ಕಾರದ ಮೇಣದಬತ್ತಿ ಆರಿಸಿ ಸ್ವಂತದ್ದನ್ನು ಹಚ್ಚಿಕೊಂಡರೆಂಬ ಕತೆ ಜನರದ್ದು. ದಾಖಲೆಯಾಗಿ ಅದು ನಿಲ್ಲದಿದ್ದರೂ ಜನ ಅಧಿಕಾರಿಯಲ್ಲಿ ಏನನ್ನು ಬಯಸಿದರು ಎಂಬುದಕ್ಕೆ ಸಾಕ್ಷಿ. ದಾಖಲೆಯಲ್ಲಿ ನಿಲ್ಲುವುದು 1911ರ ಆರ್ಥಿಕ ಸಮ್ಮೇಳನ. ಅವರಿನ್ನೂ ಚೀಫ್ ಇಂಜಿನಿಯರ್ ಆಗಿದ್ದಾಗಲೇ ರೂಪುಗೊಂಡ ಅದರಲ್ಲಿ ಶಿಕ್ಷಣ, ಬೇಸಾಯ, ಕೈಗಾರಿಕೆಗಳಿಗೆ ಸಮಿತಿಗಳಾಗಿ ಅಧಿಕಾರಿಗಳೂ ಊರಿನ ಗಣ್ಯರೂ ಒಂದೇ ಮೇಜಿಗೆ ಕೂತರು.

1926ರಿಂದ 1941ರವರೆಗೆ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ಲರದು ಕಣ್ಣಿನ ರೂಢಿ. ಬೆಳಗಿನ ಹೊತ್ತು ಕುದುರೆಯೇರಿ ಬೆಂಗಳೂರಿನ ಬೀದಿ ಸುತ್ತುವುದು, ಮುರಿದ ಕಂಬಿ, ಕಟ್ಟಿಕೊಂಡ ಮೋರಿ, ಒಣಗಿದ ಗಿಡ ಕಂಡರೆ ಸಂಬಂಧಪಟ್ಟವರಿಗೆ ಅಂದೇ ಮುಟ್ಟಿಸುವುದು. ಕಂದಾಯದ ಅಧಿಕಾರಿಗಳ ಸರ್ಕೀಟಿನಲ್ಲಿ ಮೊದಲೇ ಸುದ್ದಿ ಹೋಗಿ ಊರು ಗುಡಿಸಿ ಸಾರಿಸಿರುತ್ತಿತ್ತು. ಈ ಸವಾರಿಗೆ ಆ ತೊಡಕಿರಲಿಲ್ಲ.

ಇಷ್ಟಿದ್ದೂ ಇಬ್ಬರೂ ಎಡವಿದ್ದು ಒಂದೇ ಕಲ್ಲನ್ನು. ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣರೇ ತುಂಬಿದ್ದಾರೆ, ನಮಗೂ ಪಾಲು ಬೇಕೆಂದು 1917ರಲ್ಲಿ ಪ್ರಜಾಮಿತ್ರ ಮಂಡಳಿ ಎದ್ದು ನಿಂತಿತು. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಅದನ್ನು ಕೇಳಿ 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಅರ್ಹತೆ, ದಕ್ಷತೆಗಳ ಹೆಸರಿನಲ್ಲಿ ದಿವಾನ ವಿಶ್ವೇಶ್ವರಯ್ಯನವರಿಗೆ ಅದು ಒಗ್ಗಲಿಲ್ಲ. ಆ ವರ್ಷದ ಕೊನೆಗೆ ಅವರು ಹುದ್ದೆ ಬಿಟ್ಟರು. ಬರೆದು ತಂದರೆ ಕೇಳುತ್ತೇನೆ ಎನ್ನುವವನ ಬಾಗಿಲಲ್ಲಿ, ಬರೆಯಲು ಕಲಿಯುವ ಅವಕಾಶವೇ ಸಿಗದವರು ನಿಂತಿದ್ದರು. ಮಿರ್ಜಾ ಅವರ ಕಾಲಕ್ಕೆ ಬೇಡಿಕೆ ಮೋರಿಯದಲ್ಲ, ಜವಾಬ್ದಾರಿ ಸರ್ಕಾರದ್ದು. 1938ರ ಏಪ್ರಿಲ್ 25ರಂದು ಗೌರಿಬಿದನೂರಿನ ಬಳಿ ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದ ಜನರ ಮೇಲೆ ಗುಂಡು ಹಾರಿತು. ವಲ್ಲಭಭಾಯಿ ಪಟೇಲ್, ಕೃಪಲಾನಿ ಬಂದು ಮಾತುಕತೆಯಾದ ಮೇಲೆ ರಾಷ್ಟ್ರಧ್ವಜ ಹಾರಿಸಲು ಒಪ್ಪಿಗೆ ಸಿಕ್ಕಿತು. ಊರಿನ ಒಣಗಿದ ಗಿಡವೂ ಕಾಣುತ್ತಿದ್ದ ಕಣ್ಣಿಗೆ ಇಷ್ಟು ದೊಡ್ಡ ಗುಂಪು ಅಷ್ಟು ತಡವಾಗಿ ಕಂಡದ್ದೇಕೆ? ರಿಪೇರಿ ಕೇಳುವವರ ಮಾತು ಕೇಳುವುದು ಸುಲಭ. ಕುರ್ಚಿಯಲ್ಲೇ ಪಾಲು ಕೇಳುವವರ ಮಾತು ಕೇಳಲು ಬೆಳಗಿನ ಸವಾರಿ ಸಾಲದು.

1947ರ ಅಕ್ಟೋಬರ್‌ನಲ್ಲಿ ಆ ಜವಾಬ್ದಾರಿ ಸರ್ಕಾರವಾಗಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. 1949ರಲ್ಲಿ ಪ್ರಜಾಪ್ರತಿನಿಧಿ ಸಭೆ ಮುಗಿಯಿತು. ಅದರ ಅಚ್ಚಾದ ನಡವಳಿಗಳಲ್ಲಿ ಸದಸ್ಯರ ಪ್ರಶ್ನೆ ಇದೆ, ಸರ್ಕಾರದ ಉತ್ತರವಿದೆ. ಆ ಪ್ರಶ್ನೆಯ ಹಿಂದೆ ಊರಿನವರು ಸೇರಿ ಬರೆದುಕೊಟ್ಟ ಅರ್ಜಿ ಇಲ್ಲ. ಅಂಥವು ಹಳೆಯ ಮೈಸೂರಿನ ಮನೆಗಳ ಅಟ್ಟದಲ್ಲಿ, ಶ್ಯಾನುಭೋಗರ ಕಡತಗಳ ನಡುವೆ ಇರಬಹುದು. ಸಭೆಯ ಸದಸ್ಯರಾಗಿದ್ದ ಅಜ್ಜ, ಮುತ್ತಜ್ಜಂದಿರ ಕಾಗದಪತ್ರ ಯಾರ ಮನೆಯಲ್ಲಾದರೂ ಇದ್ದರೆ ರದ್ದಿಗೆ ಹಾಕಬೇಡಿ. ರಾಜ್ಯ ಪತ್ರಾಗಾರಕ್ಕೆ ಒಂದು ಪ್ರತಿ ತಲುಪಿಸಿ.