ಮೊದಲು ಯಾರು ಏಳಬೇಕು? ಒಎಸ್‌ಜಿಐ ಸರ್ವಿಸ್‌ಗಳ ಆರಂಭ ಕ್ರಮ

ದೊಡ್ಡ ಜಾವಾ ಅಪ್ಲಿಕೇಶನ್ ಒಂದನ್ನು ಮಾಡ್ಯೂಲ್‌ಗಳಾಗಿ ಒಡೆದವರಿಗೆಲ್ಲ ಬೇಗನೆ ಎದುರಾಗುವ ಪ್ರಶ್ನೆ: ಇವುಗಳಲ್ಲಿ ಮೊದಲು ಯಾವುದು ಶುರುವಾಗಬೇಕು? ಡೇಟಾಬೇಸ್ ಸಂಪರ್ಕ ಸಿದ್ಧವಾಗುವ ಮೊದಲೇ ಅದನ್ನು ಬಳಸುವ ಕೋಡ್ ಓಡಿದರೆ ಎಲ್ಲವೂ ಅಲ್ಲೇ ಮುಗ್ಗರಿಸುತ್ತದೆ. ಈ ಪ್ರಶ್ನೆಯ ಜೊತೆ ಬಹುಕಾಲ ಗುದ್ದಾಡಿದ್ದು 1999ರಲ್ಲಿ ಹುಟ್ಟಿದ ಒಎಸ್‌ಜಿಐ ಒಕ್ಕೂಟ. 2000ದಲ್ಲಿ ಬಂದ ಅದರ ಮೊದಲ ಸ್ಪೆಸಿಫಿಕೇಶನ್ನಿನ ಕಣ್ಣಿದ್ದದ್ದು ಮನೆಯಲ್ಲಿಡುವ ಗೇಟ್‌ವೇ ಪೆಟ್ಟಿಗೆಗಳ ಮೇಲೆ. ಪೆಟ್ಟಿಗೆ ಆರಿಸದೆಯೇ ಬಂಡಲ್ (ಒಎಸ್‌ಜಿಐ ಮಾಡ್ಯೂಲ್‌ಗೆ ಇಟ್ಟ ಹೆಸರು) ಹಾಕಬೇಕು, ತೆಗೆಯಬೇಕು. ಹಾಗಾಗಿ ಬಂಡಲ್ ಒದಗಿಸುವ ಸರ್ವಿಸ್ ಯಾವಾಗ ಬೇಕಾದರೂ ಬರಬಹುದು, ಹೋಗಬಹುದು ಎಂಬುದು ಅಲ್ಲಿ ಮೊದಲಿನಿಂದಲೂ ಒಪ್ಪಿಕೊಂಡ ಮಾತು.

ಮೊದಮೊದಲು ಈ ಬರುಹೋಗುವಿಕೆಯನ್ನು ನಿಭಾಯಿಸುವ ಹೊಣೆಯೆಲ್ಲ ಪ್ರೋಗ್ರಾಮರ್ ತಲೆಗೆ. ಬಂಡಲ್‌ನ ಆಕ್ಟಿವೇಟರ್‌ನಲ್ಲಿ ಸರ್ವಿಸ್ ರಿಜಿಸ್ಟ್ರಿ ಹುಡುಕಬೇಕು, ಸಿಗದಿದ್ದರೆ ಲಿಸನರ್ ಕಟ್ಟಬೇಕು. ಸರ್ವಿಸ್ ಟ್ರ್ಯಾಕರ್ ಬಂದು ಆ ಕೋಡನ್ನು ಒಂದಿಷ್ಟು ಕಡಿಮೆ ಮಾಡಿತು. ಬಹುಪಾಲು ತಂಡಗಳು ಹಿಡಿದದ್ದು ಇನ್ನೂ ಸುಲಭದ ದಾರಿಯನ್ನು: ಸ್ಟಾರ್ಟ್ ಲೆವೆಲ್. ಪ್ರತಿ ಬಂಡಲ್‌ಗೆ ಒಂದು ಸಂಖ್ಯೆ. ಕಡಿಮೆ ಸಂಖ್ಯೆಯದು ಮೊದಲು ಏಳುತ್ತದೆ. ಎಕ್ಲಿಪ್ಸ್‌ನಲ್ಲಿ ಬಂಡಲ್‌ಗಳ ರೂಢಿಯ ಲೆವೆಲ್ 4, ಒಎಸ್‌ಜಿಐ ಆಧಾರಿತ ಸರ್ವರ್ ಕರಾಫ್‌ನಲ್ಲಿ 80. ಹಳೆಯ ಬೇಸಿಕ್ ಪ್ರೋಗ್ರಾಮಿನ ಸಾಲುಸಂಖ್ಯೆಗಳ ಹಾಗೆ ಇಲ್ಲೂ ನಡುವೆ ಜಾಗ ಬಿಟ್ಟು ಅಂಕಿ ಕೊಡುತ್ತಾರೆ, ಮುಂದೆ ಯಾರಾದರೂ ನುಸುಳಬಹುದೆಂದು.

ನನ್ನ ಪ್ರಕಾರ ಲಾಗಿಂಗ್, ಕಾನ್ಫಿಗರೇಶನ್‌ನಂಥ ಅಡಿಪಾಯದ ಬಂಡಲ್‌ಗಳನ್ನು ಬಿಟ್ಟರೆ ಈ ಅಂಕಿಗಳಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಬಂಡಲ್‌ನ ಸ್ಟಾರ್ಟ್ ಮೆಥಡ್ ಮುಗಿಯಿತು ಎಂದಷ್ಟೇ ಲೆವೆಲ್ ಹೇಳಬಲ್ಲದು. ಅದರ ಸರ್ವಿಸ್ ರಿಜಿಸ್ಟ್ರಿಗೆ ಬಂತೋ ಇಲ್ಲವೋ ಹೇಳಲಾರದು. ಇನ್ನೊಂದು ಥ್ರೆಡ್‌ನಲ್ಲಿ ತಡವಾಗಿ ತಯಾರಾಗುವ ಸರ್ವಿಸ್, ಮಧ್ಯಾಹ್ನ ಅಪ್‌ಡೇಟ್ ಆದ ಬಂಡಲ್, ಇವುಗಳ ಮುಂದೆ ಸಂಖ್ಯೆಗೆ ಬೆಲೆಯಿಲ್ಲ. ಯಾವುದು ಯಾವುದನ್ನು ನಂಬಿದೆ ಎಂದು ಎಲ್ಲೂ ಬರೆದಿಡದೆ ಕ್ರಮವನ್ನು ಮಾತ್ರ ಬರೆದಿಟ್ಟರೆ ಹೀಗೇ ಆಗುವುದು.

ಎಕ್ಲಿಪ್ಸ್ 2004ರ 3.0 ಆವೃತ್ತಿಯಲ್ಲಿ ಒಎಸ್‌ಜಿಐಗೆ ಬಂದಾಗ ಅದರ ಉತ್ತರ ಬೇರೆಯೇ ಇತ್ತು: ಕೇಳುವವರೆಗೂ ಏಳಬೇಡ. ಕ್ಲಾಸ್ ಬೇಕಾದಾಗಲೇ ಪ್ಲಗಿನ್ ಎಚ್ಚರವಾಗುವ ಈ ಸೋಮಾರಿತನ ಐಡಿಇಗೆ ಹೊಂದಿತು. ಬಾಗಿಲು ತೆರೆದು ಕಾಯಬೇಕಾದ ಸರ್ವರ್‌ಗೆ ಅಷ್ಟಾಗಿ ಹೊಂದಲಿಲ್ಲ.

ನಿಜವಾದ ತಿರುವು, ಸರ್ವಿಸ್ ಅವಲಂಬನೆಗಳನ್ನು ತಾನೇ ನಿಭಾಯಿಸುವ, ಉಂಬೆರ್ತೊ ಸೆರ್ವಾಂತೆಸ್ ಮತ್ತು ರಿಚರ್ಡ್ ಹಾಲ್ ಅವರ ಸರ್ವಿಸ್ ಬೈಂಡರ್‌ನಿಂದ. ಅದೇ ಜಾಡಿನಲ್ಲಿ ಒಎಸ್‌ಜಿಐ ಸ್ಪೆಸಿಫಿಕೇಶನ್ನಿನ 2005ರ ನಾಲ್ಕನೇ ಬಿಡುಗಡೆಯಲ್ಲಿ ಡಿಕ್ಲರೇಟಿವ್ ಸರ್ವಿಸಸ್ ಬಂತು. ಇಲ್ಲಿ ಕಾಂಪೊನೆಂಟು ತನಗೆ ಏನು ಬೇಕೆಂದು ಹೇಳುತ್ತದೆ, ಅಷ್ಟೇ. ಕಡ್ಡಾಯವೋ ಐಚ್ಛಿಕವೋ, ಒಂದೋ ಹಲವೋ, ನಡುವೆ ಬದಲಾದರೆ ಸಹಿಸುತ್ತದೋ ಇಲ್ಲವೋ, ಎಲ್ಲವೂ ಘೋಷಣೆಯಲ್ಲೇ. ಕಡ್ಡಾಯವಾದವೆಲ್ಲ ಸಿಕ್ಕಾಗ ಏಳುತ್ತದೆ, ಒಂದು ಹೋದರೆ ಕೆಳಗಿಳಿಯುತ್ತದೆ. ಆರಂಭದ ಕ್ರಮ ತಾನಾಗಿಯೇ ಹುಟ್ಟುತ್ತದೆ. ಇದಕ್ಕೂ ಒಂದು ಬೆಲೆಯಿದೆ: ಎರಡು ಕಾಂಪೊನೆಂಟುಗಳು ಪರಸ್ಪರ ಕಡ್ಡಾಯವೆಂದು ಹಟ ಹಿಡಿದರೆ ಎರಡೂ ಏಳುವುದಿಲ್ಲ. ಎಕ್ಸೆಪ್ಶನ್ನೂ ಬೀಳದಿರಬಹುದು, ಬರೀ ಮೌನ.

ಸ್ಪ್ರಿಂಗ್ ಫ್ರೇಮ್‌ವರ್ಕ್ ಪಾಳೆಯದಿಂದ ಬಂದು 2009ರಲ್ಲಿ ಸ್ಪೆಸಿಫಿಕೇಶನ್ ಸೇರಿದ ಬ್ಲೂಪ್ರಿಂಟ್ ಇನ್ನೊಂದು ಹಾದಿ ತುಳಿಯಿತು. ಸರ್ವಿಸ್ ಮಾಯವಾದರೂ ಅದರ ಪ್ರಾಕ್ಸಿ ಉಳಿದು, ಬೇರೆ ಏನನ್ನೂ ಹೇಳದಿದ್ದರೆ ಐದು ನಿಮಿಷ ಕಾಯುತ್ತದೆ. ಬರೆಯುವವರಿಗೆ ಇದು ಹಿತ. ಸ್ತಬ್ಧವಾದ ಸರ್ವರ್ ಮುಂದೆ ನಡುರಾತ್ರಿ ಕೂತವರಿಗೆ ಅಲ್ಲ. 2017ರಲ್ಲಿ ಜಾವಾ 9 ತಂದ ಮಾಡ್ಯೂಲ್ ವ್ಯವಸ್ಥೆಯಿಂದ ಈ ವಿಷಯದಲ್ಲಿ ಹೆಚ್ಚೇನೂ ಆಗಲಿಲ್ಲ: ಬೇಕಾದ ಮಾಡ್ಯೂಲ್ ಇದೆಯೇ ಎಂದು ನೋಡುತ್ತದೆ, ಶುರುಮಾಡುವುದು ನಿಲ್ಲಿಸುವುದು ಅದರ ಕೆಲಸವಲ್ಲ.

ಉಳಿದ ಗಂಟೆಂದರೆ 'ಎಲ್ಲರೂ ಬಂದರೇ?' ಎಂಬುದು. ಹಲವು ಪ್ಲಗಿನ್‌ಗಳನ್ನು ಒಟ್ಟುಗೂಡಿಸುವ ಕಾಂಪೊನೆಂಟಿಗೆ ಎಷ್ಟು ಬಂದರೆ ಪೂರ್ತಿ ಎಂದು ತಿಳಿಯದು. ಡಿಕ್ಲರೇಟಿವ್ ಸರ್ವಿಸಸ್ 1.3 ಕನಿಷ್ಠ ಸಂಖ್ಯೆಯನ್ನು ಕಾನ್ಫಿಗರೇಶನ್‌ನಲ್ಲಿ ಹೇಳಲು ಅವಕಾಶ ಕೊಟ್ಟಿತು. 2020ರ ಎಂಟನೇ ಬಿಡುಗಡೆ 'ಕಂಡಿಶನ್' ಎಂಬ ಸರ್ವಿಸನ್ನೇ ತಂದಿತು: ಹೆಸರಿಸಿದ ಕಂಡಿಶನ್ ರಿಜಿಸ್ಟ್ರಿಗೆ ಬರುವ ತನಕ ಕಾಂಪೊನೆಂಟು ಏಳದು. ಯಾವಾಗ ಪೂರ್ತಿಯಾಯಿತು ಎಂದು ಈಗಲೂ ಯಾರೋ ಒಬ್ಬರು ತೀರ್ಮಾನಿಸಲೇಬೇಕು. ಆದರೆ ಆ ತೀರ್ಮಾನ ಕೂರುವ ಜಾಗ ಎಲ್ಲರಿಗೂ ಕಾಣುತ್ತದೆ.

ಹಾಗಾಗಿ ಸ್ಟಾರ್ಟ್ ಲೆವೆಲ್ 80ನ್ನು 79 ಮಾಡಲು ಕೈ ಹೋದಾಗ, ದಯವಿಟ್ಟು ಮೊದಲು ಕನ್ಸೋಲ್ ತೆರೆದು ಯಾವ ಕಾಂಪೊನೆಂಟಿನ ಯಾವ ರೆಫರೆನ್ಸ್ ಈಡೇರಿಲ್ಲ ಎಂದು ನೋಡಿ.