ಕಾಫಿ ಪುಡಿ ಮತ್ತು ಗಾಳಿಯ ಜಗಳ | ಅಡುಗೆಮನೆ ಚರಿತ್ರೆ, ಭಾಗ 4

ಮನೇಲಿರೋ ಕಾಫಿ ಪ್ಯಾಕೆಟ್ ಒಂದ್ಸಲ ಕೈಗೆ ತಗೊಳ್ಳಿ. ಮೇಲೆ ಅಂಗಿ ಗುಂಡಿ ಥರ ಒಂದು ಸಣ್ಣ ವಾಲ್ವ್ ಇದ್ಯಾ? ಅದರ ಹಿಂದೆ ನೂರು ವರ್ಷಕ್ಕೂ ಹಳೇ ಜಗಳ ಇದೆ ಫ್ರೆಂಡ್ಸ್.

ಹಸಿ ಕಾಫಿ ಬೀಜ ತಿಂಗಳುಗಟ್ಟಲೆ ಇರುತ್ತೆ. ಹುರಿದ ಬೀಜ ಕೆಲವು ವಾರ. ಪುಡಿ ಮಾಡಿದ್ರೆ ಕೆಲವೇ ದಿನಕ್ಕೆ ಘಮ ಇಳಿಯುತ್ತೆ, ಯಾಕಂದ್ರೆ ಒಂದೊಂದು ಕಣವೂ ಗಾಳಿಗೆ ಮೈಯೊಡ್ಡುತ್ತೆ. ಹಾಗಾಗಿ 19ನೇ ಶತಮಾನದ ಮಧ್ಯದವರೆಗೂ ಅಮೆರಿಕದಲ್ಲಿ ಬಹಳಷ್ಟು ಜನ ಹಸಿ ಬೀಜ ಕೊಂಡು ಮನೇಲೇ ಹುರೀತಿದ್ರು.

1860ರ ದಶಕದಲ್ಲಿ ಪಿಟ್ಸ್‌ಬರ್ಗ್‌ನ ಆರ್ಬಕಲ್ ಸಹೋದರರು ಹುರಿದ ಬೀಜಕ್ಕೆ ಮೊಟ್ಟೆ, ಸಕ್ಕರೆ ಲೇಪನ ಕೊಟ್ಟು ಪೊಟ್ಟಣ ಕಟ್ಟಿ ಮಾರಿದ್ರು. ಗಾಳಿ ತಾಗದಿರಲಿ ಅಂತ! 1900ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಹಿಲ್ಸ್ ಬ್ರದರ್ಸ್ ಇನ್ನೂ ಮುಂದೆ ಹೋಗಿ, ಗಾಳಿಯನ್ನೇ ಹೊರಗೆಳೆದ ವ್ಯಾಕ್ಯೂಮ್ ಡಬ್ಬಿ ತಂದರು.

ಆದ್ರೆ ಒಂದು ತಕರಾರು. ಆಗಷ್ಟೇ ಹುರಿದ ಕಾಫಿ ಕಾರ್ಬನ್ ಡೈ ಆಕ್ಸೈಡ್ ಬಿಡ್ತಾನೇ ಇರುತ್ತೆ. ತಕ್ಷಣ ಸೀಲ್ ಮಾಡಿದ್ರೆ ಪ್ಯಾಕೆಟ್ ಉಬ್ಬುತ್ತೆ, ಕಾದರೆ ಘಮ ಹೋಗುತ್ತೆ. ಇದಕ್ಕೆ ಉತ್ತರ ಕೊಟ್ಟಿದ್ದು ಇಟಲಿಯ ಗೋಲ್ಯೋ ಕಂಪನಿಯ ವಾಲ್ವ್: ಒಳಗಿನ ಅನಿಲ ಹೊರಗೆ ಹೋಗುತ್ತೆ, ಹೊರಗಿನ ಗಾಳಿ ಒಳಗೆ ಬರಲ್ಲ.

ನಾವು ಕಾಮರ್ಸ್‌ನವರು ಇಲ್ಲಿ ಒಂದು ಪ್ರಶ್ನೆ ಕೇಳಬೇಕು: ಲಾಭ ಯಾರಿಗಾಯ್ತು? ದೂರದೂರಿಗೆ ಸರಕು ಕಳಿಸೋ ದೊಡ್ಡ ಕಂಪನಿಗೆ. ಅಮೆರಿಕದ ಬೀದಿಗಳಲ್ಲಿದ್ದ ಸಣ್ಣ ಹುರಿಯೋ ಅಂಗಡಿಗಳು ಕ್ರಮೇಣ ಮಾಯವಾದವು. ನಮ್ಮ ಬೆಂಗಳೂರು, ಮೈಸೂರು, ಚಿಕ್ಕಮಗಳೂರಲ್ಲಿ "ಎಂಬತ್ತು-ಇಪ್ಪತ್ತು ಕೊಡಿ" ಅಂದ್ರೆ ಚಿಕೋರಿ ಬೆರೆಸಿ ಕಣ್ಣೆದುರೇ ಪುಡಿ ಮಾಡಿಕೊಡೋ ಅಂಗಡಿಗಳು ಇನ್ನೂ ಇವೆ. ಅವು ಉಳಿಯೋದು ನಾವು ಹೋದ್ರೆ ಮಾತ್ರ.

ಇನ್ನೊಂದು ವಿಷಯ. ವ್ಯಾಕ್ಯೂಮ್, ವಾಲ್ವ್ ಎಲ್ಲಾ ನೀವು ಕತ್ತರಿ ಹಾಕೋವರೆಗೆ ಮಾತ್ರ. ಆಮೇಲೆ ಪುಡಿ ಕಾಯೋದು ನಿಮ್ಮ ಕೆಲಸ:

▪️ ಒಂದೇ ಸಲ ಅರ್ಧ ಕೆ.ಜಿ. ಬೇಡ. ವಾರಕ್ಕೆ ಬೇಕಾದಷ್ಟೇ ತನ್ನಿ.
▪️ ಬಿಗಿ ಮುಚ್ಚಳದ ಚಿಕ್ಕ ಡಬ್ಬಿ ಸಾಕು. ದೊಡ್ಡ ಡಬ್ಬೀಲಿ ತಳಕ್ಕಷ್ಟು ಪುಡಿ ಇದ್ರೆ ಉಳಿದದ್ದೆಲ್ಲ ಗಾಳಿನೇ.
▪️ ಒಣ ಚಮಚ ಮಾತ್ರ. ಚಿಕೋರಿ ತೇವ ಬೇಗ ಎಳ್ಕೊಂಡು ಗಂಟಾಗುತ್ತೆ.
▪️ ಒಲೆ ಪಕ್ಕ, ಬಿಸಿಲು ಬೀಳೋ ಕಿಟಕಿ ಹತ್ರ ಇಡಬೇಡಿ.
▪️ ದಿನಾ ತೆಗೆದು ಹಾಕೋ ಡಬ್ಬಿ ಫ್ರಿಜ್‌ನಲ್ಲೂ ಬೇಡ. ತೇವ ಸೇರುತ್ತೆ, ಜೊತೆಗೆ ನಿನ್ನೆಯ ಹುಳಿಯ ವಾಸನೆ ಕೂಡ!

ಅಜ್ಜಿಯಂದಿರು ಕಾಲು ಕೆ.ಜಿ.ಗಿಂತ ಹೆಚ್ಚು ತರಿಸದೇ ಇದ್ದದ್ದು ಜಿಪುಣತನ ಅಲ್ಲ, ಲೆಕ್ಕಾಚಾರ.

ನಿಮ್ಮ ಏರಿಯಾದಲ್ಲಿ ಪುಡಿ ಮಾಡಿಕೊಡೋ ಅಂಗಡಿ ಎಲ್ಲಿದೆ? ಕಾಮೆಂಟ್‌ನಲ್ಲಿ ಹೇಳಿ ☕

#ಅಡುಗೆಮನೆಚರಿತ್ರೆ #ಫಿಲ್ಟರ್‌ಕಾಫಿ