ಸುಕ್ರಿ ಬೊಮ್ಮಗೌಡರ ಗಾಯನ: ಮನ್ನಣೆ ಮತ್ತು ವಿಮರ್ಶೆ

ಸುಕ್ರಿ ಬೊಮ್ಮಗೌಡ (ನಿಧನ: 13 ಫೆಬ್ರುವರಿ 2025) ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಬಡಿಗೇರಿಯ ಜನಪದ ಗಾಯಕಿ. ಹಾಲಕ್ಕಿ ಒಕ್ಕಲಿಗ ಸಮುದಾಯಕ್ಕೆ ಸೇರಿದ ಇವರು 'ಸುಕ್ರಜ್ಜಿ' ಎಂದೇ ಜನಜನಿತರು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಇವರಿಗೆ ನಾಡೋಜ ಗೌರವ ಪದವಿಯನ್ನು ನೀಡಿದೆ. 2017ರಲ್ಲಿ ಭಾರತ ಸರ್ಕಾರ ಪದ್ಮಶ್ರೀ ಪ್ರಶಸ್ತಿ ನೀಡಿದಾಗ ಇವರ ವಯಸ್ಸು ಎಂಬತ್ತರ ಆಸುಪಾಸಿನಲ್ಲಿತ್ತು.

ಹಿನ್ನೆಲೆ

ಹಾಲಕ್ಕಿ ಒಕ್ಕಲಿಗರು ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ ತಾಲ್ಲೂಕುಗಳಲ್ಲಿ ಘಟ್ಟಕ್ಕೂ ಕಡಲಿಗೂ ನಡುವೆ ನೆಲೆಸಿದವರು. ಅಕ್ಷರಾಭ್ಯಾಸವಿಲ್ಲದ ಸುಕ್ರಿಯವರು ಬಾಲ್ಯದಲ್ಲಿ ತಾಯಿಯಿಂದ ಹಾಡು ಕಲಿತರು. ಮದುವೆ, ಹಬ್ಬ, ಗದ್ದೆಯ ಕೆಲಸ ಇವುಗಳಲ್ಲಿ ಹಾಡುತ್ತ ಕಲಿತದ್ದು ಮತ್ತಷ್ಟು. ಇವರ ಸಂಗ್ರಹವೆಲ್ಲವೂ ನೆನಪಿನಲ್ಲಿಯೇ ಇತ್ತು.

ಪತ್ರಿಕೆಗಳ ನೋಟ

ಪದ್ಮಶ್ರೀಯ ತರುವಾಯ ಪ್ರಕಟವಾದ ಬರಹಗಳು ಹೆಚ್ಚಾಗಿ ಒಂದೇ ಜಾಡಿನವು. 'ಹಾಡುಹಕ್ಕಿ', 'ಜಾನಪದ ಕೋಗಿಲೆ' ಎಂಬ ಬಿರುದುಗಳು, ಕೊರಳ ತುಂಬ ಮಣಿಸರದ ಚಿತ್ರ, ಐದು ಸಾವಿರ ಹಾಡು ಬಲ್ಲವರೆಂಬ ಮಾತು. ಈ ಸಂಖ್ಯೆಯನ್ನು ಎಣಿಕೆಯಾಗಿ ಗ್ರಹಿಸುವುದು ಸರಿಯಲ್ಲ. ಬಾಯಿಂದ ಬಾಯಿಗೆ ಸಾಗುವ ಹಾಡು ಸಂದರ್ಭಕ್ಕೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಒಂದು ಹಾಡು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಮೊದಲಾಯಿತೆಂದು ಗೆರೆ ಎಳೆಯುವುದು ಸುಲಭವಲ್ಲ. ಹಾಡಿನ ವಸ್ತು, ಮಟ್ಟು, ಹಾಲಕ್ಕಿ ಕನ್ನಡದ ನುಡಿ ಕುರಿತ ಚರ್ಚೆ ಇಂತಹ ಬರಹಗಳಲ್ಲಿ ವಿರಳ. ಆ ಕೆಲಸವನ್ನು ಮಾಡಿದವರು ಎಲ್. ಆರ್. ಹೆಗಡೆ, ಎನ್. ಆರ್. ನಾಯಕ, ಶಾಂತಿ ನಾಯಕ ಮೊದಲಾದ ಈ ಜಿಲ್ಲೆಯ ಜಾನಪದ ವಿದ್ವಾಂಸರು. ಅವರು ಪ್ರಶಸ್ತಿಗೆ ಕಾಯದೆ ಕರಾವಳಿಯ ಜನಪದ ಸಾಹಿತ್ಯವನ್ನು ಸಂಗ್ರಹಿಸಿದರು.

ಧ್ವನಿಮುದ್ರಣ

ಕಾರವಾರದ ಆಕಾಶವಾಣಿ ಇವರ ಹಾಡುಗಳನ್ನು ಧ್ವನಿಮುದ್ರಿಸಿಕೊಂಡಿದೆ. ಇದರಿಂದ ಹಾಡು ಉಳಿಯಿತು ನಿಜ. ಆದರೆ ಅದರ ಸಂದರ್ಭ ಹೊರಗುಳಿಯಿತು. ಮದುವೆಯ ಹಾಡು ಒಂದೊಂದು ಶಾಸ್ತ್ರಕ್ಕೆ ಅಂಟಿಕೊಂಡದ್ದು, ಒಬ್ಬರು ಹೇಳಿಕೊಟ್ಟು ಉಳಿದವರು ದನಿಗೂಡಿಸುವಂಥದ್ದು. ಸ್ಟುಡಿಯೊದಲ್ಲಿ ಅದು ನಿಗದಿತ ಅವಧಿಯ ಕಾರ್ಯಕ್ರಮವಾಗುತ್ತದೆ, ಮೇಳದ ಹಾಡು ಒಬ್ಬ ಗಾಯಕಿಯ ಹೆಸರಿಗೆ ದಾಖಲಾಗುತ್ತದೆ.

ಹಾಡಿನಾಚೆ

ಬಡಿಗೇರಿಯಲ್ಲಿ ಸಾರಾಯಿ ವಿರುದ್ಧ ಮಹಿಳೆಯರನ್ನು ಸಂಘಟಿಸಿದ ಹೋರಾಟಗಾರ್ತಿಯೂ ಸುಕ್ರಿಯವರೇ. ಹಾಲಕ್ಕಿ ಒಕ್ಕಲಿಗರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂದು ಅವರು ಒತ್ತಾಯಿಸುತ್ತಿದ್ದರು. ಅವರನ್ನು 'ಬುಡಕಟ್ಟು ಗಾಯಕಿ' ಎಂದು ಪತ್ರಿಕೆಗಳು ನಿಸ್ಸಂಕೋಚವಾಗಿ ಕರೆದವು. ಸರ್ಕಾರದ ಪಟ್ಟಿಯಲ್ಲಿ ಮಾತ್ರ ಆ ಸಮುದಾಯಕ್ಕೆ ಇನ್ನೂ ಆ ಸ್ಥಾನವಿಲ್ಲ. ಇದೇ ಸಮುದಾಯದ, ಇದೇ ತಾಲ್ಲೂಕಿನ ಹೊನ್ನಳ್ಳಿಯ ಪದ್ಮಶ್ರೀ ಪುರಸ್ಕೃತೆ ತುಳಸಿ ಗೌಡರು 2024ರ ಡಿಸೆಂಬರ್ 16ರಂದು ತೀರಿಕೊಂಡಿದ್ದರು. ಎರಡು ತಿಂಗಳೊಳಗೆ ಸುಕ್ರಿಯವರೂ ನಿಧನರಾದಾಗ ಬಂದ ಶ್ರದ್ಧಾಂಜಲಿ ಬರಹಗಳಲ್ಲಿ ಪ್ರಶಸ್ತಿಗಳ ಪಟ್ಟಿಗೆ ಸಿಕ್ಕಷ್ಟು ಜಾಗ ಈ ಬೇಡಿಕೆಗೆ ಸಿಗಲಿಲ್ಲ.